ಕಾಸಿಮೇಡಿನ ಒಂದನೆಯ ತರಗತಿ

ಮದರಾಸಿಗೆ ಚಳಿಗಾಲವೇ ಇಲ್ಲ ಎಂಬುದು ಊರಿನಲ್ಲಿರುವ ನಮ್ಮ ನೆಂಟರಿಷ್ಟರ ಹಳೆಯ ಹಾಸ್ಯ. ಬಿಸಿಲು, ಹೆಚ್ಚು ಬಿಸಿಲು, ಅತಿ ಹೆಚ್ಚು ಬಿಸಿಲು, ಇವೇ ನಿಮ್ಮ ಮೂರು ಋತುಗಳು ಎಂದು ಅವರು ನಗುತ್ತಾರೆ. ಇಪ್ಪತ್ತು ವರ್ಷ ಇಲ್ಲಿ ಕಳೆದ ನಮಗೆ ಹಾಗನ್ನಿಸುವುದಿಲ್ಲ. ಮಾರ್ಗೞಿ ತಿಂಗಳ ಬೆಳಗಿನಲ್ಲಿ ಉಷ್ಣಮಾನ ೨೧-೨೨ ಡಿಗ್ರಿಗೆ ಇಳಿದರೆ ಸಾಕು, ಹಾಲಿನ ಬೂತಿನ ಮುಂದೆ ನಿಂತವರೆಲ್ಲ ಕಿವಿ ಮುಚ್ಚುವ ಟೊಪ್ಪಿಗೆ ಹಾಕಿಕೊಂಡಿರುತ್ತಾರೆ. ಆದರೆ ಇಲ್ಲಿಯ ಚಳಿಗಾಲದ ನಿಜವಾದ ಗುರುತು ಚಳಿಯಲ್ಲ, ಮಳೆ. ವರ್ಷಕ್ಕೆ ಸುಮಾರು ೧೪೦೦ ಮಿಲಿಮೀಟರ್ ಮಳೆ ಕಾಣುವ ಈ ನಗರಕ್ಕೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬೀಳುವುದು ಅಕ್ಟೋಬರಿನಿಂದ ಡಿಸೆಂಬರಿನೊಳಗೆ. ನಮ್ಮ ಕುಂದಾಪುರದ ಕಡೆ ಶಾಲೆ ತೆರೆಯುವ ಜೂನ್ ತಿಂಗಳಲ್ಲಿ ಮಳೆ ಬರುತ್ತದೆ. ಹೊಸ ಕೊಡೆ, ಹೊಸ ಚೀಲ, ಒದ್ದೆ ಪುಸ್ತಕ ಎಲ್ಲವೂ ಒಟ್ಟಿಗೇ. ಇಲ್ಲಿ ಮಳೆ ಬರುವುದು ಮಕ್ಕಳು ಅರ್ಧ ವರ್ಷದ ಪಾಠ ಮುಗಿಸುವ ಹೊತ್ತಿಗೆ. ಒಂದೇ ದೇಶ, ಹೆಚ್ಚು ಕಡಿಮೆ ಒಂದೇ ಅಕ್ಷಾಂಶ, ಆದರೆ ನಡುವೆ ನಿಂತ ಘಟ್ಟ ಎರಡು ಕರಾವಳಿಗಳ ಪಂಚಾಂಗವನ್ನೇ ಬೇರೆ ಮಾಡಿಬಿಟ್ಟಿದೆ. ನೈರುತ್ಯದ ಗಾಳಿ ಹೊತ್ತು ತಂದ ನೀರನ್ನು ಘಟ್ಟದ ಆಚೆಯೇ ಇಳಿಸಿಬಿಡುತ್ತದೆ. ನಮ್ಮ ಪಾಲಿನದು ಬಂಗಾಳ ಕೊಲ್ಲಿಯಿಂದ ಈಶಾನ್ಯದ ಗಾಳಿ ತರುವ ನೀರು.

ಇಷ್ಟು ಪೀಠಿಕೆ ಏಕೆಂದರೆ, ನಾವು ಹೇಳಹೊರಟಿರುವುದು ಇಂಥ ಒಂದು ಮಳೆ-ಚಳಿಗಾಲದಲ್ಲಿ, ಕಾಸಿಮೇಡಿನ ಒಂದು ಒಂದನೆಯ ತರಗತಿಯಲ್ಲಿ ನಡೆದ ಪಾಠಗಳ ವಿಷಯ. ನಾವು ಎಂದರೆ ಕೇಂದ್ರ ಸರ್ಕಾರದ ಕಚೇರಿಯೊಂದರ ಗುಮಾಸ್ತ, ಅವನ ಹೆಂಡತಿ, ಮತ್ತು ತಡವಾಗಿ ಹುಟ್ಟಿದ ಒಬ್ಬಳೇ ಮಗಳು. ಬಿ.ಎಸ್ಸಿ. ಮುಗಿಸಿ, ಪರೀಕ್ಷೆ ಬರೆದು, ಕೆಲಸದ ಆಜ್ಞೆ ಎಲ್ಲಿಗೆ ಬಂತೋ ಅಲ್ಲಿಗೆ ಹೊರಟವರ ಸಾಲಿನಲ್ಲಿ ನಾವೂ ಒಬ್ಬರು. ಕಚೇರಿ ಪ್ಯಾರಿಸ್ ಕಡೆ. ಬಾಡಿಗೆ ಕೈಗೆಟುಕಿದ್ದು ಕಾಸಿಮೇಡಿನಲ್ಲಿ, ಸೂರ್ಯನಾರಾಯಣ ಚೆಟ್ಟಿ ಬೀದಿಯಿಂದ ಒಳಗೆ. ೧೯೮೪ರಲ್ಲಿ ಬಳಕೆಗೆ ಬಂದ ಮೀನುಗಾರಿಕೆ ಬಂದರು ನಡೆದು ಹೋಗುವ ದೂರ. ನಸುಕಿನಲ್ಲೇ ಹರಾಜಿನ ಕೂಗು, ಮಂಜುಗಡ್ಡೆ ಪುಡಿ ಮಾಡುವ ಯಂತ್ರದ ಸದ್ದು, ಬುಟ್ಟಿ ಹೊತ್ತ ಹೆಂಗಸರ ಅವಸರ. ಭಾನುವಾರವಂತೂ ನಗರದ ಅರ್ಧ ಜನ ಇಲ್ಲೇ ಇದ್ದಾರೇನೋ ಅನ್ನಿಸುತ್ತದೆ. ಕರಾವಳಿಯವರಾದ ನಮಗೆ ಆ ವಾಸನೆ ಹೊಸದಲ್ಲ. ಕಚೇರಿಯ ಸ್ನೇಹಿತರು ಮೂಗು ಮುಚ್ಚಿಕೊಂಡು ಮನೆಗೆ ಬಂದಾಗ ನಾವು ನಗುತ್ತೇವೆ.

ಮಗಳನ್ನು ಎಲ್ಲಿ ಸೇರಿಸುವುದೆಂಬ ಪ್ರಶ್ನೆ ೨೦೨೩ರ ಬೇಸಿಗೆಯಲ್ಲಿ ಬಂತು. ಹೊರನಾಡಿನ ಕನ್ನಡ ಮನೆಗಳಲ್ಲೆಲ್ಲ ಈ ಪ್ರಶ್ನೆ ಒಂದು ಸಲ ಎದ್ದೇ ಏಳುತ್ತದೆ. ತ್ಯಾಗರಾಯನಗರದಲ್ಲಿ ಕರ್ನಾಟಕ ಸಂಘದ ಶಾಲೆಯಿದೆ, ಒಪ್ಪಿದೆವು. ಆದರೆ ಆರು ತುಂಬದ ಮಗುವನ್ನು ಕಾಸಿಮೇಡಿನಿಂದ ದಿನವೂ ಅಲ್ಲಿಗೆ ಮುಟ್ಟಿಸಿ ಕರೆತರುವುದು ಕಚೇರಿಗೆ ಹೋಗುವವರಿಂದ ಆಗುವ ಮಾತಲ್ಲ. ಹತ್ತಿರದ ಖಾಸಗಿ ಶಾಲೆಯೊಂದರಲ್ಲಿ ವಿಚಾರಿಸಿದಾಗ, ಇನ್ನು ಮುಂದೆ ಮನೆಯಲ್ಲಿ ನೀವು ಇಂಗ್ಲಿಷಿನಲ್ಲೇ ಮಾತಾಡಬೇಕು, ಇಲ್ಲವಾದರೆ ಮಗು ಹಿಂದೆ ಬೀಳುತ್ತದೆ ಎಂದು ಹೇಳಿ ಕಳುಹಿಸಿದರು. ಅಜ್ಜಿಯೊಡನೆ ಯಾವ ಭಾಷೆಯಲ್ಲಿ ಮಾತಾಡಬೇಕೆಂದು ಅವರು ಹೇಳಲಿಲ್ಲ. ಕೊನೆಗೆ ಮನೆಯ ಪಕ್ಕದ ಕಾರ್ಪೊರೇಷನ್ ಶಾಲೆಗೇ ಸೇರಿಸಿದೆವು. ಕಚೇರಿಯಲ್ಲಿ ಹುಬ್ಬೇರಿಸಿದವರು ಕಡಿಮೆಯಲ್ಲ. "ಕೇಂದ್ರ ಸರ್ಕಾರದ ಸಂಬಳ ಬರುತ್ತದೆ, ಕಾರ್ಪೊರೇಷನ್ ಶಾಲೆಯೇ?" ಎಂದರು. ಇರಲಿ.

ತಮಿಳುನಾಡಿನಲ್ಲಿ ೨೦೦೬ರ ಕಾಯಿದೆಯ ಪ್ರಕಾರ ಒಂದನೆಯ ತರಗತಿಯಿಂದಲೇ ಎಲ್ಲ ಮಕ್ಕಳೂ ತಮಿಳು ಕಲಿಯಬೇಕು. ಅದಕ್ಕೆ ನಮ್ಮ ಆಕ್ಷೇಪಣೆಯಿಲ್ಲ. ಯಾವ ನೆಲದ ನೀರು ಕುಡಿಯುತ್ತೇವೋ ಅದರ ಅಕ್ಷರ ತಿಳಿದಿರುವುದು ಒಳ್ಳೆಯದೇ. ನಮಗಿದ್ದ ಭಯ ಬೇರೆ. ಮಗಳು ಮನೆಯಲ್ಲಿ ವಾಚಾಳಿ; ಶಾಲೆಯಲ್ಲಿ ಮೂಕಿ. ಜೂನ್ ಹೋಯಿತು, ಜುಲೈ ಹೋಯಿತು. ಬರೆ ಎಂದರೆ ಬರೆಯುತ್ತಾಳೆ, ಎಣಿಸು ಎಂದರೆ ಬೆರಳು ಮಡಿಸುತ್ತಾಳೆ, ಬಾಯಿ ಮಾತ್ರ ತೆರೆಯುವುದಿಲ್ಲ. ಆಗಸ್ಟ್ ೨೫ರಂದು ಮುಖ್ಯಮಂತ್ರಿಗಳ ಬೆಳಗಿನ ಉಪಾಹಾರದ ಯೋಜನೆ ರಾಜ್ಯದ ಎಲ್ಲ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೂ ಬಂತು. ಉಪ್ಪಿಟ್ಟು, ಕಿಚಡಿ, ಪೊಂಗಲ್ಲುಗಳನ್ನು ಎಲ್ಲರೊಡನೆ ಸಾಲಾಗಿ ಕುಳಿತು ತಿಂದು ಬರುತ್ತಿದ್ದಳು. ತಿನ್ನಲು ತೆರೆದ ಬಾಯಿ ಮಾತಿಗೆ ತೆರೆಯಲಿಲ್ಲ.

ನವೆಂಬರಿನಲ್ಲಿ ಪೋಷಕರ ಸಭೆ. ಕೆಲವರು ಬಂದರಿನಿಂದ ನೇರವಾಗಿ ಬಂದಿದ್ದರು. ನಾವು ಕಚೇರಿಗೆ ಅರ್ಧ ದಿನದ ರಜೆ ಬರೆದು ಹೋಗಿದ್ದೆವು. ಪಕ್ಕದಲ್ಲಿ ಕುಳಿತ ಒಬ್ಬರು, ಮನೆಯಲ್ಲಿ ನೀವೂ ತಮಿಳೇ ಮಾತಾಡಿಬಿಡಿ, ಎಲ್ಲ ಸರಿಹೋಗುತ್ತದೆ ಎಂದು ಸಲಹೆ ಕೊಟ್ಟರು. ಅದು ಒಳ್ಳೆಯ ಮನಸ್ಸಿನಿಂದಲೇ ಬಂದ ಮಾತು. ನಿಜ ಹೇಳುವುದಾದರೆ ಹಿಂದಿನ ರಾತ್ರಿ ನಮ್ಮ ಮನೆಯಲ್ಲಿಯೂ ಇದೇ ಚರ್ಚೆ ನಡೆದಿತ್ತು. ಆದರೆ ತರಗತಿಯ ಅಧ್ಯಾಪಕಿ ತಲೆಯಾಡಿಸಿದರು. ಅವರ ಮನೆಮಾತು ತೆಲುಗಂತೆ. "ನಿಮ್ಮ ಭಾಷೆಯಲ್ಲೇ ಕಥೆ ಹೇಳಿ, ಜಗಳವಾಡಿ, ಲೆಕ್ಕ ಕೇಳಿ. ತಮಿಳನ್ನು ನನಗೆ ಬಿಡಿ. ಒಂದು ಭಾಷೆ ಗಟ್ಟಿಯಾಗಿದ್ದರೆ ಅದರ ಮೇಲೆ ಇನ್ನೊಂದನ್ನು ಕಟ್ಟಬಹುದು. ಇರುವುದನ್ನೂ ಕಿತ್ತುಬಿಟ್ಟರೆ ನಾನು ಎಲ್ಲಿ ಕಟ್ಟಲಿ?" ಎಂದರು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಾದಲ್ಲೆಲ್ಲ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತಿನಲ್ಲಿ ಕಲಿಸಬೇಕೆಂದು ಬರೆದುಕೊಂಡಿದೆ. ಬರೆದ ನೀತಿಗಿಂತ ಈಕೆಯ ಮಾತು ನಮ್ಮ ಮನೆಗೆ ಹೆಚ್ಚು ಕೆಲಸಕ್ಕೆ ಬಂತು. ಆ ರಾತ್ರಿಯಿಂದ ಮನೆಯಲ್ಲಿ ಯಾವ ಭಾಷೆ ಎಂಬ ಚರ್ಚೆ ಮತ್ತೆ ಏಳಲಿಲ್ಲ.

ಈ ಅಧ್ಯಾಪಕಿಯದು ಒಂದು ಪದ್ಧತಿ. ಪ್ರತಿ ಶುಕ್ರವಾರ ವಾರದ ಪಾಠವನ್ನು ಒಂದು ಹಾಳೆಯಲ್ಲಿ ಬರೆದು, ಚಿತ್ರ ತೆಗೆದು, ಪೋಷಕರ ವಾಟ್ಸಾಪ್ ಗುಂಪಿಗೆ ಕಳುಹಿಸುತ್ತಿದ್ದರು. ಓದಲು ಬಾರದ ತಾಯಂದಿರಿಗೆ ಅದನ್ನೇ ಧ್ವನಿಯಲ್ಲಿ ಓದಿ ಹಾಕುತ್ತಿದ್ದರು. ನಮಗೆ ತಮಿಳು ಮಾತು ಸಲೀಸು. ಓದು ಬಸ್ಸಿನ ಫಲಕದಷ್ಟು ಮಾತ್ರ. ಆದ್ದರಿಂದ ನಾವೂ ಆ ಧ್ವನಿಯ ಗಿರಾಕಿಗಳೇ. ಕೇಳುತ್ತ ಕೇಳುತ್ತ, ಹಾಳೆಯ ಮೇಲೆ ಬೆರಳಾಡಿಸುತ್ತ, ನಮ್ಮ ಮನೆಯಾಕೆ ಮಗಳ ಜೊತೆಯಲ್ಲೇ ತಮಿಳಿನ ಅಕ್ಷರಗಳನ್ನು ಪೂರ್ತಿ ಕಲಿತುಬಿಟ್ಟರು.

ತರಗತಿಯ ದಿನಚರಿ ಹೀಗಿತ್ತು. ಉಪಾಹಾರ, ಪ್ರಾರ್ಥನೆ, ಬಳಿಕ "ಇಂದು ಕಡಲು ಹೇಗಿದೆ?" ಎಂಬ ಪ್ರಶ್ನೆ. ಬೇರೆ ಕಡೆಯ ಶಾಲೆಗಳಲ್ಲಿ ಇಂದು ಯಾವ ವಾರ ಎಂದು ಕೇಳುವಂತೆ ಇಲ್ಲಿ ಇದು. ಶಾಂತ, ಅಲೆ, ಜೋರು ಅಲೆ ಎಂಬ ಮೂರು ಚಿತ್ರಗಳಲ್ಲಿ ಒಂದನ್ನು ಒಬ್ಬರು ಎದ್ದು ಗೋಡೆಗೆ ಸಿಕ್ಕಿಸಬೇಕು. ತಂದೆ ಹಿಂದಿನ ದಿನ ಕಡಲಿಗೆ ಇಳಿದಿದ್ದಾನೋ ಇಲ್ಲವೋ ಎಂಬುದು ಆ ಮಕ್ಕಳಿಗೆ ಗೊತ್ತಿರುವುದರಿಂದ ಉತ್ತರ ತಪ್ಪುವುದೇ ಇಲ್ಲ. ಆಮೇಲೆ ಅಕ್ಷರ. ೨೦೨೨-೨೩ರಲ್ಲಿ ರಾಜ್ಯ ಸರ್ಕಾರ ಒಂದರಿಂದ ಮೂರನೆಯ ತರಗತಿಯವರೆಗೆ ತಂದ "ಎಣ್ಣುಂ ಎೞುತ್ತುಂ", ಎಂದರೆ ಸಂಖ್ಯೆಯೂ ಅಕ್ಷರವೂ, ಎಂಬ ಕ್ರಮ ಅಲ್ಲಿಯೂ ನಡೆದಿತ್ತು. ಕೊರೋನಾ ಕಾಲದಲ್ಲಿ ಶಾಲೆ ಮುಚ್ಚಿ ಮಕ್ಕಳ ಓದು ಹಿಂದೆ ಬಿದ್ದದ್ದನ್ನು ತುಂಬಿಸಲೆಂದು ಹುಟ್ಟಿದ ಯೋಜನೆ ಅದು. ಮಕ್ಕಳನ್ನು ಅವರವರ ಮಟ್ಟಕ್ಕೆ ತಕ್ಕಂತೆ ಅರುಂಬು, ಮೊಟ್ಟು, ಮಲರ್ ಎಂದು ಗುಂಪು ಮಾಡುತ್ತಾರೆ. ಮೊಗ್ಗು, ಬಿರಿಮೊಗ್ಗು, ಹೂ ಎನ್ನೋಣ. ಹಾಡು, ಅಭಿನಯ, ಕಾರ್ಡುಗಳಿಂದಲೇ ಹೆಚ್ಚಿನ ಪಾಠ. ಮಧ್ಯಾಹ್ನ ಲೆಕ್ಕ: ದಡದಿಂದ ಆರಿಸಿ ತಂದ ಚಿಪ್ಪುಗಳನ್ನು ಹತ್ತು ಹತ್ತಾಗಿ ಗುಡ್ಡೆ ಮಾಡುವುದು. ಹಾಳೆಯ ಕೊನೆಯಲ್ಲಿ ಒಂದು ಸಾಲು ತಪ್ಪದೆ ಇರುತ್ತಿತ್ತು: ಯಾವುದನ್ನೂ ಅಂಗಡಿಯಿಂದ ಕೊಂಡು ತರಬೇಡಿ. ಕಡಲಿಗೆ ಇಳಿಯಲಾಗದ ವಾರದಲ್ಲಿ ಆ ಮನೆಗಳಿಗೆ ಐದು ರೂಪಾಯಿಯೂ ದೊಡ್ಡದು ಎಂಬುದನ್ನು ಬಲ್ಲವರು ಬರೆದ ಸಾಲು ಅದು.

ನವೆಂಬರ್ ಕೊನೆಯ ಒಂದು ದಿನ ಮೀನಿನ ಚಿತ್ರಗಳ ಪಾಠ. ಅಧ್ಯಾಪಕಿ ಒಂದೊಂದೇ ಕಾರ್ಡನ್ನು ಎತ್ತಿ ತೋರಿಸುತ್ತಿದ್ದರಂತೆ. ಮತ್ತಿ ಮೀನಿನ ಕಾರ್ಡು ಬಂದಾಗ ಹಿಂದಿನ ಸಾಲಿನಿಂದ "ಬೂತಾಯಿ!" ಎಂಬ ಕೂಗು. ಐದು ತಿಂಗಳು ಮಾತಾಡದ ನಮ್ಮ ಹುಡುಗಿ! ತರಗತಿ ಗೊಳ್ಳೆಂದು ನಕ್ಕಿತು. ಅವಳು ಅಳುವುದಕ್ಕೆ ಮುಂಚೆಯೇ ಅಧ್ಯಾಪಕಿ ಹಲಗೆಯ ಮೇಲೆ ಎರಡು ಗೆರೆ ಎಳೆದು, ಮತ್ತಿ ಎಂಬುದರ ಎದುರಿಗೆ ಬೂತಾಯಿ ಎಂದು ತಮಿಳಿನಲ್ಲಿ ಬರೆದರು. ಮುಂದಿನದೇನು ಎಂದರು. ವಂಜಿರಕ್ಕೆ ಅಂಜಲ್, ವವ್ವಾಲಿಗೆ ಮಾಂಜಿ, ಇರಾಲಿಗೆ ಸಿಗಡಿ. ಮೀನು ಹಿಡಿಯುವವರ ಮಕ್ಕಳಿಗೆ ತಮ್ಮ ಮೀನಿಗೆ ಇನ್ನೊಂದು ಹೆಸರೂ ಇದೆ ಎಂಬುದೇ ಒಂದು ಆಶ್ಚರ್ಯ. ಮಧ್ಯಾಹ್ನದ ಹೊತ್ತಿಗೆ ಅವಳ ಸುತ್ತ ಗುಂಪು. ಅಂದು ಸಂಜೆ ಮನೆಗೆ ಬಂದವಳು ಚೀಲ ಇಡುವ ಮೊದಲೇ, "ಅಪ್ಪ, ಬಂಗುಡೆಗೆ ಇಲ್ಲಿ ಕಾನಾಂಕೆಳುತ್ತಿ ಅಂತಾರೆ, ಗೊತ್ತಾ?" ಎಂದಳು. ನಮಗೆ ಗೊತ್ತಿತ್ತು. ಗೊತ್ತಿಲ್ಲ ಎಂದೆವು.

ಅದರ ಬೆನ್ನಿಗೇ ಮಿಚಾಂಗ್ ಚಂಡಮಾರುತ. ೨೦೨೩ರ ಡಿಸೆಂಬರ್ ೩ ಮತ್ತು ೪ರಂದು ಸುರಿದ ಮಳೆಯನ್ನು ಚೆನ್ನೈಯಲ್ಲಿದ್ದವರು ಯಾರೂ ಮರೆಯಲಾರರು. ಐದರಂದು ಅದು ಆಂಧ್ರದ ಬಾಪಟ್ಲ ಬಳಿ ದಡ ಸೇರಿತು. ನೀರು ಮಾತ್ರ ನಮ್ಮ ಬೀದಿಗಳಲ್ಲೇ ಉಳಿಯಿತು. ವಿದ್ಯುತ್ತಿಲ್ಲ, ಹಾಲಿಲ್ಲ, ಫೋನಿಲ್ಲ. ಶಾಲೆಗಳು ಮತ್ತೆ ತೆರೆದದ್ದು ೧೧ರಂದು. ಆ ದಿನಗಳಲ್ಲಿ ಕತ್ತಲ ಮನೆಯಲ್ಲಿ ಕುಳಿತು, ಹಳೆಯ ವಿಜ್ಞಾನದ ವಿದ್ಯಾರ್ಥಿಗಳಾದ ನಾವು ಮಗಳಿಗೆ ಮಳೆ ಅಳೆಯುವುದನ್ನು ತೋರಿಸಿದೆವು. ಬಾಯಿಯೂ ತಳವೂ ಒಂದೇ ಅಗಲವಿರುವ ಪಾತ್ರೆ ಯಾವುದಾದರೂ ಸರಿ, ಬಯಲಲ್ಲಿಟ್ಟರೆ ಅಗಲ ಎಷ್ಟೇ ಇರಲಿ, ನಿಂತ ನೀರಿನ ಎತ್ತರ ಒಂದೇ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಸರಿಯಾಗಿ ಒಂದು ಲೀಟರ್ ನೀರು. ಚಿಕ್ಕ ಡಬ್ಬಿಯಲ್ಲೂ ದೊಡ್ಡ ಡಬ್ಬಿಯಲ್ಲೂ ಗೆರೆ ಒಂದೇ ಕಡೆ ಬಂದಾಗ ಅವಳು ನಮ್ಮನ್ನು ಜಾದೂಗಾರರಂತೆ ನೋಡಿದಳು. ಶಾಲೆ ತೆರೆದ ಮೇಲೆ ಇದನ್ನು ಅವಳೇ ತಮಿಳಿನಲ್ಲಿ ತರಗತಿಗೆ ಹೇಳಿದಳೆಂದು ಆ ಶುಕ್ರವಾರದ ಹಾಳೆಯಲ್ಲಿ ಬಂತು. ಆ ಹಾಳೆಯನ್ನು ನಾವು ಎತ್ತಿಟ್ಟಿದ್ದೇವೆ.

ಅದೇ ಪ್ರವಾಹದಲ್ಲಿ ಎಣ್ಣೂರಿನ ಹಿನ್ನೀರಿಗೆ ಎಣ್ಣೆ ಹರಿದು, ಕೊಸಸ್ತಲೈ ನದಿಯ ಮುಖದಿಂದ ಕಡಲಿಗೂ ಹಬ್ಬಿತ್ತು. ದೋಣಿ ಬಲೆಗಳಿಗೆಲ್ಲ ಕಪ್ಪು ಜಿಡ್ಡು. ಆ ವಾರ ಮಕ್ಕಳಿಗೆ ಕಡಲಿನ ಚಿತ್ರ ಬರೆಯಲು ಹೇಳಿದಾಗ ಹಲವರು ನೀಲಿ ಬಣ್ಣವನ್ನು ಮುಟ್ಟಲೇ ಇಲ್ಲ. ಅಧ್ಯಾಪಕಿ ತಿದ್ದಲಿಲ್ಲ, ಎಲ್ಲವನ್ನೂ ಗೋಡೆಗೆ ಅಂಟಿಸಿದರು. "ಇಂದು ಕಡಲು ಹೇಗಿದೆ?" ಎಂಬ ಪ್ರಶ್ನೆಗೆ ನಾಲ್ಕನೆಯ ಚಿತ್ರವೊಂದು ಸೇರಿಕೊಂಡಿತು. ೨೦೦೪ರ ಡಿಸೆಂಬರ್ ೨೬ರ ಸುನಾಮಿಯನ್ನು ಕಂಡ ಅಜ್ಜ ಅಜ್ಜಿಯರ ಮೊಮ್ಮಕ್ಕಳು ಅವರು. ಕಡಲು ಅನ್ನ ಕೊಡುತ್ತದೆ, ಒಮ್ಮೊಮ್ಮೆ ಕಿತ್ತುಕೊಳ್ಳುತ್ತದೆ ಎಂಬುದನ್ನು ಆ ಮಕ್ಕಳು ಪುಸ್ತಕದಿಂದ ಕಲಿಯಬೇಕಾಗಿಲ್ಲ.

ಮಾರ್ಗೞಿ ಹುಟ್ಟಿದ ಮೇಲೆ ರಂಗೋಲಿಯೇ ಲೆಕ್ಕದ ಪಾಠ. ನಾಲ್ಕು, ಐದು, ಆರು, ಏಳು, ಮತ್ತೆ ಆರು, ಐದು, ನಾಲ್ಕು ಎಂದು ಚುಕ್ಕಿಗಳ ಸಾಲು. ಒಟ್ಟು ಎಷ್ಟು? ಮೂರು ಹತ್ತು, ಮೇಲೆ ಏಳು: ೩೭. ಮನೆಯ ಹೆಂಗಸರು ಬಾಗಿಲಲ್ಲಿ ದಿನಾ ಹಾಕುವುದು ಲೆಕ್ಕವೆಂದು ಮಕ್ಕಳಿಗೆ ತಿಳಿದದ್ದು ಆಗ. ಇನ್ನೊಂದು ಪಾಠ ದಿಕ್ಕುಗಳದು. "ಕಡಲಿನ ಕಡೆ ಮುಖ ಮಾಡಿ ನಿಂತರೆ ಎದುರಿಗಿರುವುದು ಕಿೞಕ್ಕು", ಪೂರ್ವ. ಬೆಳಿಗ್ಗೆ ಸೂರ್ಯ ನೀರಿನಿಂದ ಮೇಲೇಳುವುದನ್ನು ದಿನವೂ ಕಾಣುವ ಮಕ್ಕಳಿಗೆ ಇದಕ್ಕಿಂತ ಸುಲಭವಾದ ಗುರುತು ಬೇಕೆ?

ಅರ್ಧ ವಾರ್ಷಿಕ ರಜೆಗೆ ಮಂಗಳೂರು ಮೇಲ್ ಹತ್ತಿ ಊರಿಗೆ ಹೋದೆವು. ಸಂಜೆ ಅಜ್ಜನೊಡನೆ ಕಡಲ ದಂಡೆಗೆ ಹೋದವಳು ನೀರಿನ ಕಡೆ ಕೈ ತೋರಿಸಿ, "ಅದು ಪೂರ್ವ" ಎಂದಳು. ಅಜ್ಜ ನಕ್ಕರು. "ಅಲ್ಲ ಮಗಾ, ಅದು ಪಡು. ಸ್ವಲ್ಪ ಹೊತ್ತು ಕೂತ್ಕೊ." ಸೂರ್ಯ ಕಡಲಿನೊಳಗೆ ಇಳಿಯುವುದನ್ನು ಅವಳು ಬಾಯಿ ತೆರೆದುಕೊಂಡು ನೋಡಿದಳು. ಟೀಚರ್ ಹೇಳಿದ್ದು ಸುಳ್ಳೇ, ಅಜ್ಜ ಹೇಳಿದ್ದು ಸುಳ್ಳೇ? ಎರಡೂ ನಿಜವೆಂದು ಒಪ್ಪಿಸಲು ಅಂಗಳದ ಮಣ್ಣಿನಲ್ಲಿ ಭೂಪಟ ಬರೆಯಬೇಕಾಯಿತು. ಸೂರ್ಯ ಮೂಡುವ ಕಡೆ ಮೂಡು, ಪಡುವ ಕಡೆ ಪಡು. ಮೂಡುಬಿದಿರೆ, ಪಡುಬಿದ್ರಿ ಎಂಬ ಊರುಗಳ ಹೆಸರಿನಲ್ಲೇ ದಿಕ್ಕಿದೆ ಎಂದು ಅಜ್ಜ ತಿಳಿಸಿದರು. ತಮಿಳಿನಲ್ಲಿ ಕಿೞಕ್ಕು ಎಂದರೆ ತಗ್ಗಿನ ಕಡೆ, ಮೇರ್ಕು ಎಂದರೆ ಮೇಲಿನ ಕಡೆ. ಅಲ್ಲಿಯ ನೆಲ ಘಟ್ಟದಿಂದ ಕಡಲಿಗೆ ಪೂರ್ವಕ್ಕೆ ಇಳಿಯುತ್ತದಲ್ಲ. ನಾವು ಆಕಾಶ ನೋಡಿ ಹೆಸರಿಟ್ಟೆವು, ಅವರು ನೆಲ ನೋಡಿ ಹೆಸರಿಟ್ಟರು. ನಡುಹಗಲಿನಲ್ಲಿ ಒಂದು ಅಡಿ ಕೋಲು ನೆಟ್ಟು ನೆರಳನ್ನೂ ಅಳೆದೆವು: ಹೆಚ್ಚು ಕಡಿಮೆ ಒಂಬತ್ತು ಅಂಗುಲ. ಚೆನ್ನೈಯಲ್ಲಿ ಅದೇ ದಿನ ಅಳೆದರೂ ಸುಮಾರು ಅಷ್ಟೇ. ಆದರೆ ಚೆನ್ನೈ ಐದೂವರೆ ಡಿಗ್ರಿಯಷ್ಟು ಪೂರ್ವಕ್ಕಿರುವುದರಿಂದ ಅಲ್ಲಿ ಸೂರ್ಯ ಸುಮಾರು ೨೨ ನಿಮಿಷ ಮೊದಲೇ ಹುಟ್ಟುತ್ತಾನೆ. ಅಂದಿನಿಂದ ಬೆಳಿಗ್ಗೆ ಅಜ್ಜನಿಗೆ ಫೋನು ಮಾಡಿ, "ನಮ್ಮಲ್ಲಿ ಬೆಳಕಾಯ್ತು, ನಿಮ್ಮಲ್ಲಿ ಕಳಿಸ್ತೇನೆ" ಎನ್ನುವುದು ಅವಳ ಅಭ್ಯಾಸವಾಯಿತು.

ಆ ರಜೆಯಲ್ಲೇ ಅಜ್ಜಿ ಅವಳಿಗೆ ಕನ್ನಡ ಅಕ್ಷರಕ್ಕೆ ಕೈ ಹಿಡಿದರು. ತಮಿಳು ಕಲಿತ ಕೈಗೆ ಕನ್ನಡ ಕಷ್ಟವಾದೀತೆಂದು ಹೆದರಿದ್ದೆವು. ಆದದ್ದು ಬೇರೆ. ಸ್ವರಗಳೂ ದೀರ್ಘಗಳೂ ಕೊಂಬು ಏತ್ವಗಳ ಮರ್ಮವೂ ಅವಳಿಗೆ ಆಗಲೇ ಗೊತ್ತು. ಆಕಾರ ಮಾತ್ರ ಹೊಸದು. ತೊಡಕಾದದ್ದು ವರ್ಗಾಕ್ಷರಗಳಲ್ಲಿ. ತಮಿಳಿನಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ಬರುವ ಸ್ಥಾನ ನೋಡಿ ಉಚ್ಚಾರ. ಆದ್ದರಿಂದ ಗಂಗೆಯನ್ನು ಅವಳು ಕಂಕೆ ಎಂದು ಬರೆದಳು. ಅದಕ್ಕೆ ಪ್ರತಿಯಾಗಿ ತಮಿಳು ನಾವು ಕಳೆದುಕೊಂಡ ಒಂದು ಅಕ್ಷರವನ್ನು ಉಳಿಸಿಕೊಂಡಿದೆ. ಮೞೈ, ಕೋೞಿ, ಏೞು ಎಂದು ಅವಳು ನಾಲಗೆ ಮಡಿಸಿ ಹೇಳುವ ೞಕಾರ ಹಳಗನ್ನಡದಲ್ಲೂ ಇತ್ತು. ನಮ್ಮ ಮಳೆ ಅಂದು ಮೞೆಯೇ ಆಗಿತ್ತು. ಮುಂದಿನ ಹಲ್ಲು ಬಿದ್ದ ದಿನ, "ಪಲ್ಲು ಅಂದ್ರೆ ಹಲ್ಲು, ಪಾಲು ಅಂದ್ರೆ ಹಾಲು, ಪುಲಿ ಅಂದ್ರೆ ಹುಲಿ" ಎಂದು ತಾನೇ ಒಂದು ಸೂತ್ರ ಕಟ್ಟಿಕೊಂಡಳು. ಪಕಾರ ಹಕಾರವಾದ ಆ ಕಥೆಯನ್ನು ನಾವು ಕಾಲೇಜಿನ ಕನ್ನಡ ಪುಸ್ತಕದಲ್ಲಿ ಬಾಯಿಪಾಠ ಮಾಡಿದ್ದೆವು.

ಪೊಂಗಲ್ ಕಳೆದು ಜನವರಿಯ ಕೊನೆಯಲ್ಲಿ ಅವಳು ಅಜ್ಜನಿಗೆ ಒಂದು ಪತ್ರ ಬರೆದಳು. ನಾಲ್ಕೇ ಸಾಲು. ಒಂದೂ ಮಹಾಪ್ರಾಣವಿಲ್ಲ. ಅಜ್ಜ ಅದನ್ನು ತಿದ್ದಲಿಲ್ಲ. ಫೋನಿನಲ್ಲಿ ಬಹಳ ಹೊತ್ತು ಏನೂ ಮಾತಾಡಲೂ ಇಲ್ಲ. ಮೂರು ಸಲ ಓದಿದ್ದಾರೆಂದು ಅಜ್ಜಿ ಆಮೇಲೆ ಹೇಳಿದರು. ಅಜ್ಜನಿಗೆ ತಮಿಳು ಬಾರದು, ಇಂಗ್ಲಿಷೂ ಅಷ್ಟಕ್ಕಷ್ಟೆ. ಕಣ್ಣಿನ ಪೊರೆ ತೆಗೆಸಿಕೊಂಡ ವರ್ಷ ಅದು. ಮೊಮ್ಮಗಳಿಗೆ ಕನ್ನಡ ಅಕ್ಷರ ಬಾರದೆ ಹೋಗಿದ್ದರೆ ಅವರಿಬ್ಬರ ನಡುವೆ ಬರೆಯುವ ಓದುವ ದಾರಿ ಎಂದೂ ತೆರೆಯುತ್ತಿರಲಿಲ್ಲ. ನಮ್ಮ ಭಯವೆಂದೆವಲ್ಲ, ಅದು ಇಷ್ಟೇ. ಭಾಷೆ ಉಳಿಯಿತೇ ಅಳಿಯಿತೇ ಎಂಬ ದೊಡ್ಡ ಮಾತುಗಳನ್ನು ವೇದಿಕೆಯವರು ನೋಡಿಕೊಳ್ಳಲಿ. ಒಂದು ಅಂಚೆಯ ಲಕೋಟೆಯನ್ನು ಒಡೆಯುವ ಅಜ್ಜನ ಕಣ್ಣೆದುರು ಓದಬಲ್ಲ ಅಕ್ಷರವಿರಬೇಕು, ಅಷ್ಟು ಸಾಕಿತ್ತು ನಮಗೆ.

ಸಂಘದ ಬಾಂಧವರಲ್ಲಿ ಎಳೆಯ ಮಕ್ಕಳಿರುವವರಿಗೆ ನಾವು ಕಂಡುಕೊಂಡ ಒಂದೆರಡು ಸಂಗತಿಗಳನ್ನು ಹೇಳಿ ಮುಗಿಸುತ್ತೇವೆ. ಶಾಲೆಯ ಭಾಷೆಯನ್ನು ಶಾಲೆ ಕಲಿಸುತ್ತದೆ. ಮನೆಯ ಮಾತನ್ನು ಅದಕ್ಕಾಗಿ ಬಿಟ್ಟುಕೊಡಬೇಕಾಗಿಲ್ಲ. ಮಗು ತರಗತಿಯಲ್ಲಿ ಸುಮ್ಮನಿದ್ದರೆ ಕೆಲವು ತಿಂಗಳು ಕಾಯಬಹುದು, ಅಧ್ಯಾಪಕರೊಡನೆ ಮಾತಾಡುತ್ತ ಕಾಯಬೇಕು. ಕನ್ನಡ ಅಕ್ಷರವನ್ನು ಶಾಲೆಯ ಅಕ್ಷರ ಸ್ವಲ್ಪ ಕೈಗೂಡಿದ ಮೇಲೆ ರಜೆಯಲ್ಲಿ ಹಿಡಿಸಿದರೆ ಬೇಗ ಹತ್ತುತ್ತದೆ. ದಿನಕ್ಕೆ ಹತ್ತು ನಿಮಿಷ ಸಾಕು. ರಾಜರತ್ನಂ, ಪಂಜೆಯವರ ಮಕ್ಕಳ ಪದ್ಯಗಳನ್ನು ಕಲಿಸುವುದಕ್ಕೆ ಪುಸ್ತಕವೂ ಬೇಡ, ನಿಮ್ಮ ಬಾಯಲ್ಲೇ ಇವೆ. ಎಲ್ಲಕ್ಕಿಂತ ಮುಖ್ಯವಾಗಿ, ಬರೆಯುವುದಕ್ಕೆ ಯಾರಾದರೂ ಒಬ್ಬರು ಬೇಕು. ಅಜ್ಜನೋ, ಅತ್ತೆಯೋ, ಊರಿನ ಓರಗೆಯ ಮಗುವೋ, ಮರು ಉತ್ತರ ಬರೆಯುವ ಒಬ್ಬರು.

ಮಗಳು ಈಗ ಆ ತರಗತಿಯನ್ನು ದಾಟಿ ಮುಂದೆ ಹೋಗಿದ್ದಾಳೆ. ಮಹಾಪ್ರಾಣಗಳು ಒಂದೊಂದಾಗಿ ಬರುತ್ತಿವೆ. "ಭಾರತ"ದ ಹೊಟ್ಟೆ ಸೀಳುವುದನ್ನು ಮೊನ್ನೆ ಮೊನ್ನೆ ಕಲಿತಳು. ಆ ಅಧ್ಯಾಪಕಿ ಬೇರೆ ಮಕ್ಕಳಿಗೆ "ಇಂದು ಕಡಲು ಹೇಗಿದೆ?" ಎಂದು ಕೇಳುತ್ತಿದ್ದಾರೆ. ಅವರ ಹಲಗೆಯ ಪಕ್ಕದಲ್ಲಿ ಮೀನುಗಳ ಆ ಪಟ್ಟಿ ಈಗಲೂ ಇದೆಯಂತೆ, ಎರಡು ಹೆಸರಿನ ಪಟ್ಟಿಗೆ ಈಚೆಗೆ ತೆಲುಗಿನದೂ ಸೇರಿ ಮೂರಾಗಿದೆಯಂತೆ.